ಮಾಯಾಲೋಕದ ಕತೆಯಲ್ಲಿ ವಿಜ್ಞಾನದ ಪದಗಳು: ಎಲ್ಲಿ ಇಡಬೇಕು, ಎಲ್ಲಿ ಕೀಳಬೇಕು

ಮಾಂತ್ರಿಕರು, ಯಕ್ಷಿಣಿಯರು, ಹಾರುವ ಬಂಡೆ, ಮಾತಾಡುವ ಕತ್ತಿ ಇರುವ ಕತೆ ಚೆನ್ನಾಗಿಯೇ ಸಾಗುತ್ತಿರುತ್ತದೆ. ನಡುವೆ ಗುಹೆಯಲ್ಲಿ ಕೂತ ಮುನಿಯೊಬ್ಬ ‘ಕ್ವಾಂಟಮ್ ಶಕ್ತಿ’ ಅಂದುಬಿಡುತ್ತಾನೆ. ಅಲ್ಲಿಗೆ ಓದುಗನ ನಂಬಿಕೆ ಕಳಚಿಬೀಳುತ್ತದೆ. ಆ ಪದ ತೆಗೆಸಿದರೆ ಮುಂದಿನ ಕರಡಿನಲ್ಲಿ ‘ಕಾಸ್ಮಿಕ್ ಕಂಪನ’ ಬಂದು ಕೂತಿರುತ್ತದೆ.

ಇದಕ್ಕೆ ಕಾರಣ ವಿಜ್ಞಾನ ಗೊತ್ತಿಲ್ಲದಿರುವುದಲ್ಲ. ಕೆಲಸದ ಕ್ರಮ ತಪ್ಪಿರುತ್ತದೆ, ಅಷ್ಟೇ. ಬರೆಯುವವರು ಮೊದಲು ಭರ್ಜರಿ ಪದ ಆರಿಸಿಕೊಂಡು, ಆಮೇಲೆ ಅದಕ್ಕೆ ಮಾಯೆ ಹೊಂದಿಸುತ್ತಾರೆ. ಮಾಯೆಯ ಕಟ್ಟಳೆ ಮೊದಲು ಬರಬೇಕು, ಲೆಕ್ಕ ಆಮೇಲೆ, ಪದ ಎಲ್ಲಕ್ಕಿಂತ ಕೊನೆಗೆ. ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲೇ ಮಾಡಿ. ನಾಲ್ಕನೆಯದನ್ನು ಬಿಟ್ಟು ಆರನೆಯದಕ್ಕೆ ಜಿಗಿದರೆ ಮತ್ತೆ ಅಲ್ಲಿಗೇ ವಾಪಸ್ ಬರಬೇಕಾಗುತ್ತದೆ.

ಅಭ್ಯಾಸಕ್ಕೆ ಈ ತುಣುಕು ಇಟ್ಟುಕೊಳ್ಳೋಣ. ಸಾಮಾನ್ಯವಾಗಿ ಕಾಣುವ ತಪ್ಪುಗಳನ್ನೆಲ್ಲ ಸೇರಿಸಿ ಕಟ್ಟಿದ್ದು:

‘ರಾಜಗುರು ಕಣ್ಣು ಮುಚ್ಚಿದ. ತನ್ನ ದೇಹದ ಕ್ವಾಂಟಮ್ ಶಕ್ತಿಯ ಆವರ್ತನವನ್ನು ಹತ್ತು ಪಟ್ಟು ಏರಿಸಿದ. ಗುರುತ್ವಾಕರ್ಷಣೆ ಶೂನ್ಯವಾಯಿತು. ಸಾವಿರ ಕೆಜಿ ಬಂಡೆ ಗಾಳಿಗೆದ್ದು, ಜ್ಯೋತಿರ್ವರ್ಷಗಳ ವೇಗದಲ್ಲಿ ಕೋಟೆಯ ಗೋಡೆಗೆ ಅಪ್ಪಳಿಸಿತು.’

ಶುರು ಮಾಡುವ ಮುಂಚೆ ಕೈಯಲ್ಲಿರಬೇಕಾದ್ದು

ಕರಡಿನ ಪ್ರಿಂಟ್ ತೆಗೆದುಕೊಳ್ಳಿ. ಪರದೆಯ ಮೇಲೆ ಓದಿದರೆ ‘ಶಕ್ತಿ’ಯಂಥ ಪದಗಳು ಕಣ್ಣಿಗೆ ಬೀಳುವುದೇ ಇಲ್ಲ. ಎರಡು ಬಣ್ಣದ ಪೆನ್ನು ಮತ್ತು ಫೋನಿನ ಕ್ಯಾಲ್ಕುಲೇಟರ್ ಇರಲಿ.

ಕನ್ನಡ ಮಾಧ್ಯಮದ 8, 9, 10ನೇ ತರಗತಿಯ ವಿಜ್ಞಾನ ಪಠ್ಯಪುಸ್ತಕಗಳನ್ನು ಇಳಿಸಿಕೊಳ್ಳಿ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಬಿಟ್ಟಿ ಸಿಗುತ್ತವೆ. ನಗಬೇಡಿ. ಬಲ, ಕೆಲಸ, ಶಕ್ತಿ, ಸಾಮರ್ಥ್ಯ ಇವು ನಾಲ್ಕೂ ಬೇರೆ ಬೇರೆ ಅನ್ನುವುದು ಅಲ್ಲಿ ಕನ್ನಡದಲ್ಲೇ ಬಿಡಿಸಿ ಬರೆದಿದೆ. ನಮ್ಮ ಮಾಯಾಕತೆಗಳಲ್ಲಿ ಈ ನಾಲ್ಕನ್ನೂ ಒಂದೇ ಪದದಲ್ಲಿ ಮುಗಿಸುತ್ತಾರೆ.

ಕೊನೆಯದು ಒಂದು ಹಳೆಯ ನಿಘಂಟು. ಕಿಟ್ಟೆಲ್ ಅವರ 1894ರ ಕನ್ನಡ ನಿಘಂಟು ಇದ್ದರೆ ಒಳ್ಳೆಯದು. ಒಂದು ಪದ ಹೊಸ ವಿಜ್ಞಾನದ ಜೊತೆ ಬಂದದ್ದೋ, ಮೊದಲೇ ಜನರ ಬಾಯಲ್ಲಿತ್ತೋ ಅನ್ನುವ ಅನುಮಾನ ಅಲ್ಲಿ ತಕ್ಕಮಟ್ಟಿಗೆ ಬಗೆಹರಿಯುತ್ತದೆ.

ಹಂತ 1: ಪದಗಳನ್ನು ಹೆಕ್ಕಿ ಮೂರು ರಾಶಿ ಮಾಡಿ

ವಿಜ್ಞಾನದ ವಾಸನೆ ಇರುವ ಪ್ರತಿ ಪದಕ್ಕೂ ಕೆಂಪು ಸುತ್ತು ಹಾಕಿ. ಇಂಗ್ಲಿಷಿನಿಂದ ಬಂದವನ್ನು ಮಾತ್ರ ಹುಡುಕುವುದು ಮೊದಲ ತಪ್ಪು. ಅಣು, ಧಾತು, ಕಂಪನ, ಆಯಾಮ, ವಿಕಿರಣ, ಕಾಂತೀಯ ಇವೆಲ್ಲ ಸಂಸ್ಕೃತದ ಬಟ್ಟೆ ತೊಟ್ಟಿವೆ, ಹಾಗಾಗಿ ಮುನಿಯ ಬಾಯಿಗೆ ಸಲೀಸಾಗಿ ಹೊಕ್ಕುಬಿಡುತ್ತವೆ.

ಮೊದಲ ರಾಶಿ: ಕಣ್ಣಿಗೆ ಕಾಣುವ, ಕೈಗೆ ಸಿಗುವ ಸಂಗತಿಗಳು. ಹಬೆ, ತುಕ್ಕು, ಸೂಜಿಗಲ್ಲು, ಗಂಧಕ, ಪಾದರಸ, ಗ್ರಹಣ. ಇವು ಯಾವ ಲೋಕದಲ್ಲಾದರೂ ಇರಬಹುದು. ಇವಕ್ಕೆ ಕೈ ಹಚ್ಚಬೇಡಿ.

ಎರಡನೇ ರಾಶಿ: ಬೆನ್ನಿಗೆ ಒಂದು ಸಿದ್ಧಾಂತವನ್ನೇ ಕಟ್ಟಿಕೊಂಡು ಬರುವವು. ಆಮ್ಲಜನಕ, ಜೀವಕೋಶ, ರೋಗಾಣು, ಗುರುತ್ವಾಕರ್ಷಣೆ, ವಿಕಾಸ. ಇವನ್ನು ಹಂತ 2ಕ್ಕೆ ತೆಗೆದಿಡಿ.

ಮೂರನೇ ರಾಶಿ: ಸುಮ್ನೆ ಮೆರುಗಿಗೆ ಬಂದವು. ಗುರುತಿಸುವುದು ಸುಲಭ. ಆ ಪದದ ಜಾಗದಲ್ಲಿ ‘ಗುಬ್ಬಚ್ಚಿ’ ಅಂತ ಹಾಕಿ ಓದಿ. ‘ತನ್ನ ದೇಹದ ಗುಬ್ಬಚ್ಚಿ ಶಕ್ತಿಯನ್ನು ಏರಿಸಿದ.’ ಕತೆಗೆ ಏನೂ ನಷ್ಟವಾಗಲಿಲ್ಲ ಅಂದರೆ ‘ಕ್ವಾಂಟಮ್’ ಅಲ್ಲಿ ಏನೂ ಕೆಲಸ ಮಾಡುತ್ತಿರಲಿಲ್ಲ. ಈ ರಾಶಿಯನ್ನು ಈಗಲೇ ಹೊಡೆದುಹಾಕಿ. ಆ ಜಾಗಕ್ಕೆ ಬೇರೆ ಪದ ಹುಡುಕಬೇಡಿ, ಖಾಲಿ ಬಿಡಿ.

ಹಂತ 2: ಈ ಮಾತು ಯಾರದು ಅಂತ ಕೇಳಿ

ಉಳಿದ ಪ್ರತಿ ಪದದ ಪಕ್ಕದಲ್ಲೂ ಅದನ್ನು ಹೇಳುತ್ತಿರುವುದು ಯಾರು ಅಂತ ಬರೆಯಿರಿ: ನಿರೂಪಕನೋ, ಪಾತ್ರವೋ. ಇಂದಿನ ಕನ್ನಡದಲ್ಲಿ ಕತೆ ಹೇಳುವ ನಿರೂಪಕ ಮೊದಲ ಪುಟದಿಂದಲೇ ಇಂದಿನ ಪದ ಬಳಸುತ್ತಿದ್ದರೆ ತೊಂದರೆಯಿಲ್ಲ. ಇನ್ನೂರನೇ ಪುಟದಲ್ಲಿ ಮೊದಲ ಸಲ ‘ಅಡ್ರಿನಲಿನ್’ ಅಂದರೆ ಮಾತ್ರ ಯಾರೋ ಹೊರಗಿನವರು ಬಾಗಿಲು ತಟ್ಟಿದ ಹಾಗಾಗುತ್ತದೆ.

ಪಾತ್ರದ ಬಾಯಲ್ಲಿದ್ದರೆ ಇನ್ನೊಂದು ಪ್ರಶ್ನೆ ಇದೆ. ಆ ಪದ ಹುಟ್ಟಲು ಏನೇನು ಬೇಕಾಗಿತ್ತು, ಅದು ಈ ಲೋಕದಲ್ಲಿದೆಯೇ?

ಆಮ್ಲಜನಕವನ್ನೇ ನೋಡಿ. 1774ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಪಾದರಸದ ಕೆಂಪು ಭಸ್ಮದ ಮೇಲೆ ದೊಡ್ಡ ಮಸೂರದಿಂದ ಬಿಸಿಲು ಕೇಂದ್ರೀಕರಿಸಿ ಈ ಅನಿಲವನ್ನು ಹೊರತೆಗೆದ. ಮೋಂಬತ್ತಿ ಅದರಲ್ಲಿ ಜೋರಾಗಿ ಉರಿಯಿತು. ಆದರೂ ಅವನು ಅದನ್ನು ಹೊಸ ಧಾತು ಅಂದುಕೊಳ್ಳಲಿಲ್ಲ. ‘ಫ್ಲಾಜಿಸ್ಟನ್ ಕಳೆದ ಗಾಳಿ’ ಅಂದ (ಉರಿಯುವಾಗ ವಸ್ತುವಿನಿಂದ ಹೊರಗೆ ಹೋಗುತ್ತದೆ ಅಂತ ಆಗ ನಂಬಿದ್ದ ಏನೋ ಒಂದಕ್ಕೆ ಫ್ಲಾಜಿಸ್ಟನ್ ಅನ್ನುತ್ತಿದ್ದರು). ಈಗಿನ ಹೆಸರು ಕೊಟ್ಟವನು ಪ್ಯಾರಿಸಿನ ಲವಾಸಿಯೆ. ಎಲ್ಲ ಆಮ್ಲಗಳಲ್ಲೂ ಇದು ಇದ್ದೇ ಇರುತ್ತದೆ ಅಂತ ನಂಬಿ ‘ಆಮ್ಲ ಹುಟ್ಟಿಸುವುದು’ ಅನ್ನುವ ಅರ್ಥದ ಹೆಸರಿಟ್ಟ. ಆ ನಂಬಿಕೆ ತಪ್ಪು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದು ಇಲ್ಲವೇ ಇಲ್ಲ. ನಮ್ಮ ‘ಆಮ್ಲಜನಕ’ ಆ ತಪ್ಪನ್ನೂ ಹಾಗೇ ಹೊತ್ತುಕೊಂಡಿದೆ. ನಿಮ್ಮ ಮುನಿ ಆ ಪದ ಹೇಳಿದ ಕೂಡಲೇ 18ನೇ ಶತಮಾನದ ಪ್ಯಾರಿಸ್ ಗುಹೆಯೊಳಗೆ ಬಂದ ಹಾಗೆ.

ಹಾಗಂತ ಸಂಗತಿಯನ್ನು ಬಿಡಬೇಕಿಲ್ಲ. ಪಾಳುಬಾವಿಗೆ ಇಳಿಯುವ ಮುಂಚೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುವ ರೂಢಿ ಹಳೆಯದು. ದೀಪ ಆರಿದರೆ ಆ ಬಾವಿಗೆ ಯಾರೂ ಇಳಿಯುತ್ತಿರಲಿಲ್ಲ. ಹಾಗಾಗಿ ‘ಇಲ್ಲಿ ಆಮ್ಲಜನಕ ಕಡಿಮೆ’ ಅನ್ನುವ ಬದಲು, ‘ಗಾಳಿ ಸತ್ತಿದೆ, ದೀವಟಿಗೆ ನೋಡು’ ಅನ್ನಲಿ. ವಿಜ್ಞಾನ ಹಾಗೇ ಉಳಿಯಿತು, ಕತೆಯೂ ಕೆಡಲಿಲ್ಲ.

ರೋಗಾಣುವಿನ ವಿಷಯದಲ್ಲಿ ಇನ್ನೊಂದು ಬಲೆ ಇದೆ. ‘ನನ್ನ ಲೋಕದಲ್ಲಿ ಮಸೂರ ಇದೆ, ಆದ್ದರಿಂದ ವೈದ್ಯನಿಗೆ ರೋಗಾಣು ಗೊತ್ತು’ ಅಂತ ಕೆಲವರು ವಾದಿಸುತ್ತಾರೆ. ಹಾಲೆಂಡಿನ ಲೇವನ್‌ಹುಕ್ 1670ರ ದಶಕದಲ್ಲೇ ಸೂಕ್ಷ್ಮಜೀವಿಗಳನ್ನು ಕಣ್ಣಾರೆ ಕಂಡಿದ್ದ. ಅವು ಕಾಯಿಲೆ ತರುತ್ತವೆ ಅಂತ ಪಾಶ್ಚರ್, ಕಾಖ್ ಮುಂತಾದವರ ಕೆಲಸದಿಂದ ಗಟ್ಟಿಯಾದದ್ದು 19ನೇ ಶತಮಾನದ ಉತ್ತರಾರ್ಧದಲ್ಲಿ. ಕಂಡದ್ದಕ್ಕೂ ತಿಳಿದದ್ದಕ್ಕೂ ನಡುವೆ ಸುಮಾರು ಎರಡು ಶತಮಾನ. ಮಸೂರ ಇದ್ದೂ ಕಾಯಿಲೆಗೆ ಶಾಪವೇ ಕಾರಣ ಅನ್ನುವ ವೈದ್ಯ ತುಂಬ ಸಹಜವಾದ ಪಾತ್ರ.

ಅಳತೆಗಳಿಗೆ ಹೆಚ್ಚು ಹೊತ್ತು ಬೇಡ. ವೋಲ್ಟ್, ವ್ಯಾಟ್, ಆಂಪಿಯರ್, ಜೂಲ್, ಹರ್ಟ್ಸ್, ಸೆಲ್ಸಿಯಸ್ ಎಲ್ಲವೂ ಮನುಷ್ಯರ ಹೆಸರುಗಳು. ಆ ಮನುಷ್ಯರು ಹುಟ್ಟದ ಲೋಕದಲ್ಲಿ ಅವರ ಹೆಸರಿನ ಅಳತೆ ಇರುವುದಿಲ್ಲ.

ಹಂತ 3: ಮಾಯೆಯ ಕಟ್ಟಳೆಯನ್ನು ಒಂದು ಪುಟದಲ್ಲಿ ಬರೆಯಿರಿ

ಈಗ ಕತೆ ಪಕ್ಕಕ್ಕಿಡಿ. ಖಾಲಿ ಹಾಳೆಯಲ್ಲಿ ನಾಲ್ಕೇ ಪ್ರಶ್ನೆಗೆ ಉತ್ತರ ಬರೆಯಿರಿ. ಮಾಯೆಯ ಕಸುವು ಎಲ್ಲಿಂದ ಬರುತ್ತದೆ? ಮಾಡಿದಾಗ ಏನು ಖರ್ಚಾಗುತ್ತದೆ? ಎಷ್ಟು ದೂರ, ಎಷ್ಟು ಹೊತ್ತು ನಿಲ್ಲುತ್ತದೆ? ಕೈತಪ್ಪಿದರೆ ಏನಾಗುತ್ತದೆ?

ಶರತ್ತು ಒಂದೇ. ವಿಜ್ಞಾನದ ಒಂದು ಪದವನ್ನೂ ಬಳಸುವಂತಿಲ್ಲ. ‘ಶಕ್ತಿ’ ಕೂಡ ಇಲ್ಲ. ಸಂತೆಯಲ್ಲಿ ಸಿಕ್ಕ ಪರಿಚಯದವರಿಗೆ ಹೇಳುವ ಮಾತಿನಲ್ಲಿ ಬರೆಯಿರಿ. ‘ಗುರು ಮುಟ್ಟಿದ ವಸ್ತುವಿನ ತೂಕ ಹೋಗುತ್ತದೆ. ಕೈ ತೆಗೆದ ಮೇಲೂ ಹತ್ತು ಉಸಿರಿನಷ್ಟು ಹೊತ್ತು ಹಾಗೇ ಇರುತ್ತದೆ. ಆಮೇಲೆ ಅವನಿಗೆ ವಿಪರೀತ ಹಸಿವಾಗುತ್ತದೆ.’ ಇಷ್ಟು ಸಾಕು.

ಉತ್ತರ ಬರೆಯಲು ಆಗುತ್ತಿಲ್ಲ ಅಂದರೆ ಅದೇ ಮೊದಲ ಎಚ್ಚರಿಕೆ. ಮಾಯೆಯನ್ನು ನೀವಿನ್ನೂ ಯೋಚಿಸಿಲ್ಲ, ಆ ಖಾಲಿ ಜಾಗಕ್ಕೆ ‘ಕ್ವಾಂಟಮ್’ ತುರುಕಿದ್ದಿರಿ. ಈ ಹಾಳೆ ಮುಗಿಯುವ ತನಕ ಮುಂದಿನ ಹಂತಕ್ಕೆ ಹೋಗಬೇಡಿ. ಎಲ್ಲಕ್ಕೂ ವಿವರಣೆ ಕೊಡಲೇಬೇಕು ಅಂತೇನಿಲ್ಲ. ‘ಯಾಕೆ ಅಂತ ಯಾರಿಗೂ ಗೊತ್ತಿಲ್ಲ’ ಅನ್ನುವುದೂ ಉತ್ತರವೇ. ಆದರೆ ಏನಾಗುತ್ತದೆ ಅನ್ನುವುದು ಪ್ರತಿ ಸಲವೂ ಒಂದೇ ಇರಬೇಕು.

ಹಂತ 4: ಒಂದು ಸಣ್ಣ ಲೆಕ್ಕ ಮಾಡಿ

ಹೆಚ್ಚಿನವರು ಓಡಿಹೋಗುವುದು ಇಲ್ಲಿಂದ. ಗುಣಾಕಾರ ಬಂದರೆ ಸಾಕು, ಹೆದರಬೇಡಿ.

ಒಂದು ಕೆಜಿಯನ್ನು ಒಂದು ಮೀಟರ್ ಎತ್ತಲು ಬೇಕಾದ ಶಕ್ತಿ ಸುಮಾರು 9.8 ಜೂಲ್. ಹಾಗಾದರೆ ಸಾವಿರ ಕೆಜಿ ಬಂಡೆಯನ್ನು ಹತ್ತು ಮೀಟರ್ ಎತ್ತಲು 98,000 ಜೂಲ್ ಬೇಕು. ದೊಡ್ಡ ಸಂಖ್ಯೆ ಅನ್ನಿಸಿತು ಅಲ್ವಾ?

ಈಗ ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವ 100 ಡಿಗ್ರಿಗೆ ತನ್ನಿ. ಒಂದು ಕೆಜಿ ನೀರು ಒಂದು ಡಿಗ್ರಿ ಬಿಸಿಯಾಗಲು ಸುಮಾರು 4,186 ಜೂಲ್ ಬೇಕು. 75 ಡಿಗ್ರಿಗೆ ಸುಮಾರು 3,14,000 ಜೂಲ್. ಅಂದರೆ ಒಂದು ಚೊಂಬು ನೀರು ಕಾಯಿಸುವ ಶಕ್ತಿಯಲ್ಲಿ ಆ ಬಂಡೆಯನ್ನು ಮೂರು ಸಲ ಎತ್ತಬಹುದು!

ಮಾಯಾಕತೆಗಳಲ್ಲಿ ಇದು ಪೂರ್ತಿ ಉಲ್ಟಾ ಇರುತ್ತದೆ. ಗುರುಕುಲದ ಹುಡುಗರು ಆಟಕ್ಕೆ ಬೆಂಕಿಯುಂಡೆ ಎಸೆಯುತ್ತಾರೆ. ಬಂಡೆ ಎತ್ತಿದ ಹಿರಿಯ ಮಾಂತ್ರಿಕ ಮೂರ್ಛೆ ಹೋಗುತ್ತಾನೆ. ಶಕ್ತಿಯ ಲೆಕ್ಕದಲ್ಲಿ ಬಿಸಿ ಮಾಡುವುದೇ ದುಬಾರಿ, ಎತ್ತುವುದು ಅಗ್ಗ. ನಿಮ್ಮ ಲೋಕದಲ್ಲಿ ಬೇರೆ ಥರ ಇರಬಹುದು, ಅದು ನಿಮ್ಮಿಷ್ಟ. ಆದರೆ ‘ಶಕ್ತಿ ಎಂದೂ ನಾಶವಾಗದು, ಒಂದು ರೂಪದಿಂದ ಇನ್ನೊಂದಕ್ಕೆ ಬದಲಾಗುತ್ತದೆ’ ಅಂತ ಗುರುವಿನ ಬಾಯಲ್ಲಿ ಹೇಳಿಸಿದ ಮೇಲೆ ಈ ಲೆಕ್ಕಕ್ಕೆ ಕಟ್ಟುಬಿದ್ದ ಹಾಗೆ.

ಮಾಂತ್ರಿಕ ತನ್ನ ಮೈಯಿಂದಲೇ ಖರ್ಚು ಮಾಡುತ್ತಾನೆ ಅನ್ನಿ. ದಿನಕ್ಕೆ 2,000 ಕಿಲೋಕ್ಯಾಲೊರಿ ಊಟ ಅಂದರೆ ಸುಮಾರು 84 ಲಕ್ಷ ಜೂಲ್. ಅಷ್ಟರಲ್ಲಿ ಕುದಿಯುವ ಹಂತಕ್ಕೆ ತರಬಹುದಾದ ನೀರು ಹತ್ತಿರಹತ್ತಿರ 27 ಲೀಟರ್, ಅದೂ ಉಸಿರಾಡಲು ಏನೂ ಉಳಿಸಿಕೊಳ್ಳದೆ. ಊಟದ ಬಲದಲ್ಲಿ ಕೆರೆ ಕುದಿಸುವ ಮಾಂತ್ರಿಕನಿಗೆ ಮೊದಲು ಒಂದು ಉಗ್ರಾಣ ಕಟ್ಟಿಸಿಕೊಡಿ.

ಇಲ್ಲೇ ಶಕ್ತಿಗೂ ಸಾಮರ್ಥ್ಯಕ್ಕೂ ಇರುವ ಭೇದ ನೋಡಿಕೊಳ್ಳಿ. ಸೆಕೆಂಡಿಗೆ ಎಷ್ಟು ಶಕ್ತಿ ಖರ್ಚಾಯಿತು ಅನ್ನುವುದೇ ಸಾಮರ್ಥ್ಯ, ಅದರ ಅಳತೆ ವ್ಯಾಟ್. ಒಬ್ಬ ಗಟ್ಟಿ ಆಳು ಬಿಡದೆ ದುಡಿದರೆ ಸುಮಾರು 75 ವ್ಯಾಟ್ ಸಾಮರ್ಥ್ಯ. ರಾಟೆ ಹಗ್ಗ ಕೊಟ್ಟರೆ ಅದೇ ಬಂಡೆಯನ್ನು ಅವನೊಬ್ಬನೇ ಸುಮಾರು 22 ನಿಮಿಷದಲ್ಲಿ ಹತ್ತು ಮೀಟರ್ ಮೇಲೇರಿಸಬಲ್ಲ. ಹಳೆಯ ಲೆಕ್ಕದಲ್ಲಿ ಒಂದು ಗಳಿಗೆಗಿಂತ ಸ್ವಲ್ಪ ಕಮ್ಮಿ, ರಾಟೆಯ ತಿಕ್ಕಾಟ ಬಿಟ್ಟು. ರಾಜಗುರು ಅದನ್ನೇ ಒಂದು ಸೆಕೆಂಡಿನಲ್ಲಿ ಮಾಡಿದರೆ 98,000 ವ್ಯಾಟ್. ಒಂದು ಸಣ್ಣ ಕಾರಿನ ಎಂಜಿನ್ನಿಗಿಂತ ಜಾಸ್ತಿ. ಅವನ ಹೆಚ್ಚುಗಾರಿಕೆ ಇರುವುದು ಬೇಗ ಮಾಡುವುದರಲ್ಲಿ. ಇದು ಗೊತ್ತಾದರೆ ದೃಶ್ಯವೇ ಬದಲಾಗುತ್ತದೆ. ಶತ್ರುವಿನ ಪಾಳೆಯದಲ್ಲಿ ಮಾಂತ್ರಿಕ ಇಲ್ಲದಿದ್ದರೂ ರಾಟೆ, ಹಗ್ಗ, ಒಂದು ರಾತ್ರಿ ಇದೆ.

ಮಂಜು ಕಟ್ಟಿಸುವ ಮಾಯೆಗೂ ಒಂದು ಲೆಕ್ಕ ಇದೆ. ಸೊನ್ನೆ ಡಿಗ್ರಿಯ ಒಂದು ಕೆಜಿ ನೀರು ಮಂಜುಗಡ್ಡೆಯಾಗುವಾಗ ಸುಮಾರು 3,34,000 ಜೂಲ್ ಉಷ್ಣ ಹೊರಬರುತ್ತದೆ. ‘ಅವಳು ನದಿಯನ್ನು ಹೆಪ್ಪುಗಟ್ಟಿಸಿದಳು’ ಅಂತ ಬರೆದು ಮುಂದೆ ಹೋಗುವವರು ಆ ಉಷ್ಣ ಎಲ್ಲಿಗೆ ಹೋಯಿತು ಅಂತ ಕೇಳಿಕೊಳ್ಳುವುದಿಲ್ಲ. ಒಂದು ಕೊಡ ನೀರು ಗಡ್ಡೆ ಕಟ್ಟಿದರೆ ಪಕ್ಕದ ಇನ್ನೊಂದು ಕೊಡ ನೀರು ಕುದಿಯುವಷ್ಟು ಉಷ್ಣ ಅದು. ಎರಡು ಕೊಡ ಜೊತೆಯಲ್ಲಿಟ್ಟುಕೊಂಡೇ ಕೂರುವ ಮಾಂತ್ರಿಕಳು, ಅವಸರದಲ್ಲಿ ಎರಡನೆಯದನ್ನು ಮರೆತು ಕೈ ಸುಟ್ಟುಕೊಳ್ಳುವವಳು. ಇಂಥದ್ದು ಲೆಕ್ಕದಿಂದ ಹುಟ್ಟುತ್ತದೆ, ಪದದಿಂದ ಹುಟ್ಟುವುದಿಲ್ಲ.

ಹಂತ 5: ಪದೇ ಪದೇ ಕೆಡುವ ಪದಗಳನ್ನು ಒಂದೊಂದಾಗಿ ನೋಡಿ

ಕ್ವಾಂಟಮ್. 1900ರಲ್ಲಿ ಮ್ಯಾಕ್ಸ್ ಪ್ಲಾಂಕ್ ತಂದ ಕಲ್ಪನೆ. ಶಕ್ತಿಯ ಕೊಡುಕೊಳ್ಳುವಿಕೆ ಸಣ್ಣ ಸಣ್ಣ ಕಂತುಗಳಲ್ಲಿ ನಡೆಯುತ್ತದೆ ಅನ್ನುವುದು ಅದರ ತಿರುಳು. ‘ಭಾರೀ’ ಅನ್ನುವ ಅರ್ಥ ಅದಕ್ಕಿಲ್ಲ, ಅದು ಅತಿ ಸಣ್ಣದರ ಮಾತು. ‘ನೋಡುವವನ ಮನಸ್ಸು ಜಗತ್ತನ್ನು ಬದಲಿಸುತ್ತದೆ’ ಅನ್ನುವುದಕ್ಕೂ ಇದನ್ನು ಎಳೆದು ತರುತ್ತಾರೆ. ಅಲ್ಲಿ ನೋಡುವುದು ಅಂದರೆ ಅಳೆಯುವುದು. ಉಪಕರಣ ಸಾಕು, ಮನಸ್ಸು ಬೇಕಿಲ್ಲ. ಹೆಣೆದುಕೊಂಡ (ಒಂದನ್ನು ಅಳೆದರೆ ಇನ್ನೊಂದರ ಅಳತೆ ಅದಕ್ಕೆ ತಾಳೆಯಾಗುವ) ಎರಡು ಕಣಗಳಿಂದ ದೂರದ ಗೆಳತಿಗೆ ಆ ಕ್ಷಣವೇ ಸುದ್ದಿ ಮುಟ್ಟಿಸುವುದೂ ಆಗದು. ನನ್ನ ಕೇಳಿದರೆ, ಮಾಯಾಕತೆಯಲ್ಲಿ ಈ ಪದಕ್ಕೆ ಜಾಗವೇ ಇಲ್ಲ.

ತೂಕ ಮತ್ತು ದ್ರವ್ಯರಾಶಿ. ಹಾರಿಸುವ ಮಾಯೆ ಬರೆಯುವವರೆಲ್ಲ ಎಡವುವ ಜಾಗ. ತೂಕ ಅಂದರೆ ಭೂಮಿ ಎಳೆಯುವ ಬಲ. ಚಂದ್ರನ ಮೇಲೆ ಅದು ಆರನೇ ಒಂದು ಪಾಲು. ದ್ರವ್ಯರಾಶಿ, ಅಂದರೆ ವಸ್ತುವಿನಲ್ಲಿರುವ ದ್ರವ್ಯದ ಪ್ರಮಾಣ, ಎಲ್ಲಿ ಹೋದರೂ ಅಷ್ಟೇ. ಬಂಡೆಯ ತೂಕ ಕಳೆದರೂ ಅದನ್ನು ಕದಲಿಸಲು ಜೋರಾಗಿ ತಳ್ಳಬೇಕು. ಕದಲಿದ ಮೇಲೆ ನಿಲ್ಲಿಸಲು ಅಷ್ಟೇ ಜೋರು ಬೇಕು. ಅಡ್ಡ ಬಂದವನ ಪಕ್ಕೆಲುಬು ಮುರಿಯುವುದಂತೂ ಖಂಡಿತ. ಇನ್ನೊಂದು ಮಜಾ ಇದೆ. ತೂಕವಿಲ್ಲದ ಬಂಡೆಯನ್ನು ಸುತ್ತಲಿನ ಗಾಳಿಯೇ ಮೆಲ್ಲಗೆ ಮೇಲಕ್ಕೆ ತೇಲಿಸುತ್ತದೆ, ಹಾಗಾಗಿ ಹಗ್ಗ ಕಟ್ಟಿರಬೇಕು.

ಗುರುತ್ವಾಕರ್ಷಣೆ ಶೂನ್ಯವಾಯಿತು. ಯಾವುದರ ಮೇಲೆ? ಬಂಡೆಯ ಮೇಲೆ ಮಾತ್ರವೋ, ಇಡೀ ಬಯಲಿನಲ್ಲೋ? ಬಯಲಿನಲ್ಲಿ ಅಂದರೆ ಸೈನಿಕರು, ಕುದುರೆಗಳು, ಗುರುವಿನ ಕಮಂಡಲದ ನೀರು ಎಲ್ಲವೂ ತೇಲಬೇಕು. ಎಲ್ಲಿಂದ ಎಲ್ಲಿಯವರೆಗೆ ಅಂತ ಹೇಳದೆ ಈ ವಾಕ್ಯ ಬಿಡಬೇಡಿ.

ಕಂಪನ, ಆವರ್ತನ. ಸೆಕೆಂಡಿಗೆ ಎಷ್ಟು ಸಲ ಅನ್ನುವುದೇ ಆವರ್ತನ. ಹೆಚ್ಚು ಆವರ್ತನ ಅಂದರೆ ಹೆಚ್ಚು ಪವಿತ್ರ ಅಂತಲ್ಲ. ಆದರೆ ಈ ಕುಟುಂಬದಲ್ಲಿ ಕತೆಗೆ ನಿಜವಾಗಿ ದಕ್ಕುವ ಒಂದು ಸಂಗತಿ ಇದೆ, ಅನುರಣನ. ಜೋಕಾಲಿ ತೂಗುವವರು ಅದರ ಓಲಾಟಕ್ಕೆ ಸರಿಯಾಗಿ ಮೆಲ್ಲಗೆ ತಳ್ಳುತ್ತ ಹೋದರೆ ಅದು ಆಕಾಶ ಮುಟ್ಟುತ್ತದೆ. ಹೊತ್ತು ತಪ್ಪಿ ತಳ್ಳಿದರೆ ನಿಲ್ಲುತ್ತದೆ. ಪ್ರತಿ ವಸ್ತುವಿಗೂ ತನ್ನದೇ ಓಲಾಟದ ಲಯ ಇರುತ್ತದೆ. ನಿಮ್ಮ ಮಂತ್ರವಾದಿ ಗಾಜಿನ ಬಟ್ಟಲನ್ನು ಮೊದಲು ಉಗುರಿನಿಂದ ತಟ್ಟಿ, ಅದರ ನಾದ ಕೇಳಿ, ಅದೇ ಶ್ರುತಿಯಲ್ಲಿ ಹಾಡಿ ಒಡೆಯಲಿ. ‘ಆವರ್ತನ’ ಅನ್ನುವ ಪದವೇ ಬೇಡ. ಆ ಉಗುರಿನ ತಟ್ಟು ಸಾಕು.

ಆಯಾಮ. ಉದ್ದ, ಅಗಲ, ಎತ್ತರ ಇವು ಆಯಾಮಗಳು. ‘ಬೇರೆ ಆಯಾಮಕ್ಕೆ ಹೋದ’ ಅನ್ನುವುದು ‘ಉದ್ದಕ್ಕೆ ಹೋದ’ ಅಂದ ಹಾಗೆ. ನಮ್ಮಲ್ಲಿ ‘ಲೋಕ’ ಅನ್ನುವ ಪದ ಇದೆ, ಅದನ್ನೇ ಬಳಸಿ.

ಜ್ಯೋತಿರ್ವರ್ಷ. ಇದು ದೂರದ ಅಳತೆ, ಸುಮಾರು 9.46 ಲಕ್ಷ ಕೋಟಿ ಕಿಲೋಮೀಟರ್. ವೇಗವೂ ಅಲ್ಲ, ಕಾಲವೂ ಅಲ್ಲ. ನಿಮ್ಮ ಲೋಕಕ್ಕೆ ಎರಡು ಸೂರ್ಯರಿದ್ದರೆ ಅಲ್ಲಿಯ ವರ್ಷವೇ ಬೇರೆ.

ಡಿಎನ್‌ಎ, ಜೀನ್. ಮಾಯೆ ವಂಶದಲ್ಲಿ ಹರಿಯುತ್ತದೆ ಅನ್ನುವುದು ಹಳೆಯ, ಚೆಂದದ ಕಲ್ಪನೆ. ‘ಮಾಯೆಯ ಜೀನ್’ ಅಂದ ಕೂಡಲೇ ಓದುಗ ಮೆಂಡೆಲ್‌ನ ಲೆಕ್ಕ (ತಂದೆ ತಾಯಿಯ ಗುಣ ಮಕ್ಕಳಿಗೆ ಹೇಗೆ ಬರುತ್ತದೆ ಅನ್ನುವುದರ ಲೆಕ್ಕ) ಹಿಡಿದು ಕೂರುತ್ತಾನೆ. ಅದು ಒಂದೇ ಜೀನ್, ಅದೂ ಅಡಗಿರುವ ಗುಣ (ತಂದೆ, ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಹೊರಗೆ ಕಾಣುವಂಥದ್ದು) ಅಂದರೆ, ತಂದೆ ತಾಯಿ ಇಬ್ಬರೂ ಮಾಂತ್ರಿಕರಾದಾಗ ಮಕ್ಕಳೆಲ್ಲ ಮಾಂತ್ರಿಕರೇ ಆಗಬೇಕು. ನಿಮ್ಮ ಕತೆಯ ಮಾಯೆಯಿಲ್ಲದ ಕಿರಿಮಗ ಎಲ್ಲಿಂದ ಬಂದ ಅನ್ನುವ ಪ್ರಶ್ನೆ ಏಳುತ್ತದೆ, ರಾಣಿಯ ಮೇಲೆ ಸುಮ್ನೆ ಅಪವಾದ. ‘ಅವನ ಕೆಂಪು ರಕ್ತಕಣಗಳ ಡಿಎನ್‌ಎಯಲ್ಲಿ ಮಾಯೆ’ ಅನ್ನುವುದು ಇನ್ನೂ ಕೆಟ್ಟದ್ದು. ಮನುಷ್ಯನ ಬಲಿತ ಕೆಂಪು ರಕ್ತಕಣಗಳಲ್ಲಿ ಕೋಶಕೇಂದ್ರವೇ ಇರುವುದಿಲ್ಲ. ರಕ್ತದಲ್ಲಿ ಸಿಗುವ ಡಿಎನ್‌ಎ ಬಹುಪಾಲು ಬಿಳಿ ರಕ್ತಕಣಗಳದ್ದು. ‘ಮನೆತನದ ರಕ್ತ’ ಅಂದರೆ ಸಾಕಾಗುತ್ತಿತ್ತು.

ವಿಕಾಸ. ಒಂದು ಪ್ರಾಣಿ ಒಂದು ರಾತ್ರಿಯಲ್ಲಿ ರೆಕ್ಕೆ ಬೆಳೆಸಿಕೊಂಡರೆ ಅದು ರೂಪಾಂತರ, ಕಂಬಳಿಹುಳ ಚಿಟ್ಟೆಯಾಗುವ ಹಾಗೆ. ವಿಕಾಸ ನಡೆಯುವುದು ತಲೆಮಾರುಗಳ ಮೇಲೆ, ಇಡೀ ಗುಂಪಿಗೆ.

ಹಂತ 6: ನಿಮ್ಮ ಲೋಕದ್ದೇ ಪದ ಕಟ್ಟಿ

ಈಗ ಪದದ ಸರದಿ. ಮಾಯೆಯನ್ನು ದಿನಾ ಬಳಸುವವರು ಅದಕ್ಕೊಂದು ಕಸುಬಿನ ಭಾಷೆ ಕಟ್ಟಿಕೊಂಡೇ ಇರುತ್ತಾರೆ. ಅದನ್ನು ಸಂಸ್ಕೃತದ ಸಮಾಸಗಳಲ್ಲಿ ಹುಡುಕಬೇಡಿ. ‘ಮಹಾಊರ್ಜಾಸಂಚಲನ’ ಅನ್ನುವವನು ಮಾಂತ್ರಿಕನ ಹಾಗಲ್ಲ, ಅರ್ಜಿ ಬರೆಯುವವನ ಹಾಗೆ ಕೇಳಿಸುತ್ತಾನೆ.

ಕಮ್ಮಾರನ ಹತ್ತಿರ ಹೋಗಿ. ಅವನಿಗೆ ಡಿಗ್ರಿ ಬೇಡ, ಕಬ್ಬಿಣದ ಬಣ್ಣ ಸಾಕು. ಮಂಕು ಕೆಂಪು, ಕಿತ್ತಳೆ, ಹಳದಿ, ಬಿಳಿ ಈ ಕ್ರಮದಲ್ಲಿ ಬಿಸಿ ಏರುತ್ತದೆ. ಅದು ನೂರಕ್ಕೆ ನೂರು ಸರಿಯಾದ ಭೌತಶಾಸ್ತ್ರ. ಕುಲುಮೆ, ತಿದಿ, ಇಕ್ಕುಳ, ಹದ. ‘ಹದ’ ಅನ್ನುವ ಒಂದೇ ಪದ ಎಷ್ಟೋ ಪಾರಿಭಾಷಿಕ ಪದಗಳ ಕೆಲಸ ಮಾಡುತ್ತದೆ. ‘ಮಂತ್ರ ಇನ್ನೂ ಹದಕ್ಕೆ ಬಂದಿಲ್ಲ’ ಅಂದರೆ ಯಾರಿಗೆ ಅರ್ಥವಾಗುವುದಿಲ್ಲ?

ಅಳತೆಗೆ ಗೇಣು, ಮೊಳ, ಮಾರು, ಹರದಾರಿ ಇವೆ. ಹೊತ್ತಿಗೆ ಗಳಿಗೆ, ಜಾವ. ದಿನಕ್ಕೆ 60 ಗಳಿಗೆ, ಒಂದು ಗಳಿಗೆಗೆ 24 ನಿಮಿಷ. ದಿನಕ್ಕೆ ಎಂಟು ಜಾವ. ಕಾಳಿಗೆ ಪಾವು, ಸೇರು, ಕೊಳಗ. ಎಲ್ಲವನ್ನೂ ತುರುಕಬೇಡಿ, ಎರಡು ಮೂರು ಆರಿಸಿಕೊಂಡು ಕೊನೆಯ ತನಕ ಅವನ್ನೇ ಇಟ್ಟುಕೊಳ್ಳಿ. ಒಂದು ಅಧ್ಯಾಯದಲ್ಲಿ ಹರದಾರಿ, ಮುಂದಿನದರಲ್ಲಿ ಕಿಲೋಮೀಟರ್ ಬಂದರೆ ಓದುಗನಿಗೆ ತಕ್ಷಣ ಗೊತ್ತಾಗುತ್ತದೆ.

ಮದ್ದು ಅರೆಯುವ ದೃಶ್ಯಕ್ಕೆ ‘ರಾಸಾಯನಿಕ’ ಅನ್ನುವ ಅಗತ್ಯವೇ ಇಲ್ಲ. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದರೆ ಕೋವಿಮದ್ದು. ಮೈಲುತುತ್ತದ ಚಿಟಿಕೆ ಬೆಂಕಿಗೆ ಬಿದ್ದರೆ ಜ್ವಾಲೆಯಲ್ಲಿ ಹಸಿರು ಬರುತ್ತದೆ, ತಾಮ್ರದ ಗುಣ ಅದು. ಅಡಿಕೆ ತೋಟದವರಿಗೆ ಮೈಲುತುತ್ತ ಚೆನ್ನಾಗಿ ಗೊತ್ತು, ಹೊಸ ಪದವೇನಲ್ಲ. ಬರೆಯಿರಿ, ಆದರೆ ಮನೆಯಲ್ಲಿ ಮಾಡಿ ನೋಡಲು ಹೋಗಬೇಡಿ.

ಇನ್ನು ರಾಜಗುರುವಿನ ತುಣುಕಿಗೆ ವಾಪಸ್ ಬರೋಣ. ಹಂತ 3ರ ಕಟ್ಟಳೆ, ಹಂತ 5ರ ತೂಕದ ಮಾತು ಸೇರಿಸಿ ಬರೆದರೆ ಹೀಗಾಗಬಹುದು:

‘ರಾಜಗುರು ಬಂಡೆಗೆ ಅಂಗೈ ಒತ್ತಿದ. ಅಡಿಯಲ್ಲಿ ಕೂದಲೆಳೆಯಷ್ಟು ಬೆಳಕು ಕಾಣಿಸಿತು. “ಭಾರ ತೆಗೆದೆ. ಮೊಂಡು ತೆಗೆಯಲು ನನ್ನ ಕೈಲಾಗುವುದಿಲ್ಲ. ತಳ್ಳಿ” ಅಂದ. ಇಬ್ಬರು ಹೆಗಲು ಕೊಟ್ಟರು. ಬಂಡೆ ಮೊದಲು ಮನಸ್ಸಿಲ್ಲದೆ ಸರಿಯಿತು. ಹತ್ತು ಹೆಜ್ಜೆ ದಾಟುವಷ್ಟರಲ್ಲಿ ಆಳುಗಳು ಓಡುತ್ತಿದ್ದರು. “ಬಿಟ್ಟುಬಿಡಿ, ಮುಂದೆ ಹೋಗಬೇಡಿ!” ಗುರು ಕೂಗುವ ಮೊದಲೇ ಒಬ್ಬ ಅದನ್ನು ತಡೆಯಲು ಮುಂದೆ ನುಗ್ಗಿದ್ದ. ಗೋಡೆಗೆ ಬಡಿದ ಸದ್ದಿನಲ್ಲಿ ಅವನ ಸದ್ದು ಕೇಳಲಿಲ್ಲ.’

ಭೌತಶಾಸ್ತ್ರದಲ್ಲಿ ಜಡತ್ವ (ನಿಂತದ್ದು ಕದಲಲು, ಕದಲಿದ್ದು ನಿಲ್ಲಲು ಒಪ್ಪದ ಗುಣ) ಅನ್ನುವುದಕ್ಕೆ ಇಲ್ಲಿ ‘ಮೊಂಡು’ ಬಂದಿದೆ. ಯಾರೂ ವಿವರಿಸಿಲ್ಲ. ಬಂಡೆಯ ಚಲನೆಯೇ ವಿವರಿಸಿದೆ. ಮೂಲ ತುಣುಕಿನಲ್ಲಿದ್ದ ಐದು ವಿಜ್ಞಾನದ ಪದಗಳಲ್ಲಿ ಒಂದೂ ಉಳಿದಿಲ್ಲ. ವಿಜ್ಞಾನ ಮಾತ್ರ ಮೊದಲಿಗಿಂತ ಜಾಸ್ತಿಯೇ ಇದೆ.

ಹಂತ 7: ಬೇಕೆಂದೇ ತಪ್ಪು ಬಳಸುವುದಾದರೆ

ಪಾತ್ರಕ್ಕೆ ತಪ್ಪು ತಿಳಿವಳಿಕೆ ಇರಬಹುದು, ಇರಲೂಬೇಕು. ಫ್ಲಾಜಿಸ್ಟನ್ ಸಿದ್ಧಾಂತವನ್ನು ಯುರೋಪಿನ ಬುದ್ಧಿವಂತರು 18ನೇ ಶತಮಾನದ ಬಹುಕಾಲ ನಂಬಿದ್ದರು. ಉರಿಯುವ ವಸ್ತುವಿನಿಂದ ಏನೋ ಒಂದು ಹೊರಗೆ ಹೋಗುತ್ತದೆ ಅನ್ನುವುದು ಅವರ ವಾದ. ಆದರೆ ಲೋಹವನ್ನು ಸುಟ್ಟು ಭಸ್ಮ ಮಾಡಿದರೆ ತೂಕ ಏರುತ್ತಿತ್ತು. ಏನೋ ಹೊರಗೆ ಹೋದರೆ ತೂಕ ಇಳಿಯಬೇಕಲ್ಲ? ಸಿದ್ಧಾಂತದ ಬುಡ ಅಲ್ಲಾಡಿದ್ದು ಅಲ್ಲೇ. ನಿಮ್ಮ ಗುರುಕುಲಕ್ಕೂ ಇಂಥದ್ದೊಂದು ಸಿದ್ಧಾಂತ ಕೊಡಿ. ತಕ್ಕಡಿ ಹಿಡಿದ ಒಬ್ಬ ತುಂಟ ಶಿಷ್ಯನನ್ನೂ ಕೊಡಿ.

ಡೋಂಗಿ ಮಾಂತ್ರಿಕನ ಬಾಯಲ್ಲಿ ದೊಡ್ಡ ದೊಡ್ಡ ಪದ ತುಂಬುವುದೂ ಚೆನ್ನಾಗಿರುತ್ತದೆ. ಶರತ್ತು ಏನೆಂದರೆ, ತಪ್ಪು ಪಾತ್ರದ್ದು, ಬರೆದವರದ್ದಲ್ಲ ಅನ್ನುವುದು ಓದುಗನಿಗೆ ಗೊತ್ತಾಗಬೇಕು. ಹೇಳಿದ್ದೊಂದು, ನಡೆದದ್ದೊಂದು ಅನ್ನುವುದನ್ನು ಅದೇ ದೃಶ್ಯದಲ್ಲಿ ತೋರಿಸಿ. ಅವನು ‘ಈ ತಾಯತದ ಕಾಂತಕ್ಕೆ ಚಿನ್ನವೇ ಅಂಟಿಕೊಳ್ಳುತ್ತದೆ’ ಅನ್ನುವಾಗ, ಸಂತೆಯಲ್ಲಿ ನಿಂತ ಅಕ್ಕಸಾಲಿಗ ತನ್ನ ಉಂಗುರ ತೆಗೆದು ಅದಕ್ಕೆ ಹಿಡಿಯಲಿ. ಮುಂದಿನ ಅಧ್ಯಾಯದ ತನಕ ಕಾಯಿಸಿದರೆ ತಪ್ಪು ನಿಮ್ಮ ಲೆಕ್ಕಕ್ಕೆ ಬೀಳುತ್ತದೆ.

ಹಂತ 8: ಕೊನೆಯ ಓದು

ಜೋರಾಗಿ ಓದಿ. ಈ ಲಕ್ಷಣಗಳು ಕಂಡರೆ ಆ ಪುಟಕ್ಕೆ ಗುರುತು ಹಾಕಿ: ಒಂದೇ ವಾಕ್ಯದಲ್ಲಿ ಎರಡು ವಿಜ್ಞಾನದ ಪದ. ‘ಅಂದರೆ’ ಅಂತ ಶುರುವಾಗಿ ಅರ್ಧ ಪುಟ ಹೋಗುವ ವಿವರಣೆ. ಗುರು ಹೇಳುತ್ತ, ಶಿಷ್ಯ ಬರೀ ‘ಹೌದಾ ಗುರುಗಳೇ’ ಅನ್ನುವ ಸಂಭಾಷಣೆ. ಕಷ್ಟ ಬಂದಾಗ ಮಾತ್ರ ತಲೆಯೆತ್ತಿ, ಆಮೇಲೆ ಕಾಣೆಯಾಗುವ ಪದ.

ಆಮೇಲೆ ಇಬ್ಬರಿಗೆ ಕೊಡಿ. ಒಬ್ಬರು ಪಿಯುಸಿಯಲ್ಲಿ ವಿಜ್ಞಾನ ಓದುತ್ತಿರುವವರು, ಇನ್ನೊಬ್ಬರು ಶಾಲೆ ಬಿಟ್ಟ ಮೇಲೆ ವಿಜ್ಞಾನ ಮುಟ್ಟದವರು. ‘ಚೆನ್ನಾಗಿದೆಯಾ’ ಅಂತ ಕೇಳಬೇಡಿ. ಮೊದಲನೆಯವರಿಗೆ ‘ಎಲ್ಲಿ ನಗು ಬಂತು’ ಅಂತ ಕೇಳಿ. ಎರಡನೆಯವರಿಗೆ ‘ಎಲ್ಲಿ ಎರಡು ಸಲ ಓದಬೇಕಾಯಿತು’ ಅಂತ ಕೇಳಿ. ಇಬ್ಬರೂ ಒಂದೇ ಪುಟ ತೋರಿಸಿದರೆ ಚರ್ಚೆ ಬೇಡ, ಆ ಪುಟವನ್ನು ಹಂತ 3ರಿಂದ ಮತ್ತೆ ಬರೆಯಿರಿ.

ಪುಸ್ತಕದ ಹಿಂದೆ ಪದಕೋಶ ಸೇರಿಸುವ ಆಸೆ ಹಲವರಿಗೆ. ಊರು, ಮನೆತನಗಳ ಹೆಸರಿಗಾದರೆ ಸರಿ. ಮಾಯೆಯ ಪದಕ್ಕೆ ಬೇಡ. ಒಂದು ಪದ ಎರಡನೇ ಸಲ ಬರುವಾಗ ಓದುಗನಿಗೆ ಅರ್ಥ ಆಗಿರಬೇಕು. ಆಗಿಲ್ಲ ಅಂದರೆ ಮೊದಲ ಸಲ ಬಂದ ದೃಶ್ಯವನ್ನು ತಿದ್ದಿ.